ತಾನಾಗಿ ನಿಲ್ಲದ ಪೆಟ್ಟಿಗೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಂದರಿನ ದೀಪಗಳು ಆರಬೇಕೋ ಬೇಡವೋ ಎಂದು ಮೀನಮೇಷ ಎಣಿಸುತ್ತಿವೆ. ದೊಡ್ಡ ಕ್ರೇನಿನ ಬುಡದಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ನಿಂತು ಕೈಗವಸು ಏರಿಸಿಕೊಳ್ಳುತ್ತಾರೆ, ಊಟದ ಡಬ್ಬಿಯನ್ನು ಬೆನ್ನಿನ ಚೀಲಕ್ಕೆ ತುರುಕುತ್ತಾರೆ, ಕಬ್ಬಿಣದ ಮೆಟ್ಟಿಲು ಹತ್ತತೊಡಗುತ್ತಾರೆ. ಮೆಟ್ಟಿಲು ಎಷ್ಟಿವೆ ಎಂದು ಕೇಳಿದರೆ, "ಎಣಿಸಿದ್ರೆ ಹತ್ತೋಕೆ ಮನಸ್ಸು ಬರಲ್ಲ, ಅದಕ್ಕೇ ಎಣಿಸಿಲ್ಲ" ಎಂದು ನಗುತ್ತಾರೆ. ಮೇಲೆ, ಕ್ರೇನಿನ ಉದ್ದನೆಯ ತೋಳಿನ ಕೆಳಗೆ ಜೋತುಬಿದ್ದಿರುವ ಗಾಜಿನ ಕೋಣೆಯೇ ಅವರ ಆಫೀಸು. ಅದರ ನೆಲವೂ ಗಾಜಿನದೇ. ಕುರ್ಚಿಯಲ್ಲಿ ಕೂತು ಬಗ್ಗಿದರೆ ಎರಡು ಪಾದಗಳ ನಡುವೆ ಹಡಗಿನ ಹೊಟ್ಟೆ ಕಾಣುತ್ತದೆ, ಅದರೊಳಗೆ ಒತ್ತೊತ್ತಾಗಿ ಜೋಡಿಸಿದ ಕಬ್ಬಿಣದ ಪೆಟ್ಟಿಗೆಗಳು ಕಾಣುತ್ತವೆ.

ಬಂದರಿನಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಯಾವಾಗ ನೋಡಿದರೂ ಮೇಲೇ ಇರುವುದರಿಂದ ಎಲ್ಲರಿಗೂ ಮೇಲಕ್ಕ. ಲಾರಿಯವರಿಗೂ ಮೇಲಕ್ಕ, ಸಾಹೇಬರಿಗೂ ಮೇಲಕ್ಕ. ಒಂದು ಪಾಳಿಯಲ್ಲಿ ನೂರಕ್ಕೂ ಮೀರಿ ಪೆಟ್ಟಿಗೆಗಳನ್ನು ಹಡಗಿನಿಂದ ಎತ್ತಿ, ಕೆಳಗೆ ಸಾಲುಗಟ್ಟಿ ನಿಂತ ಲಾರಿಗಳ ಬೆನ್ನಿಗೆ ಇಳಿಸುತ್ತಾರೆ. "ಮೇಲಕ್ಕ ಡ್ಯೂಟಿಲಿ ಇದ್ರೆ ಟೀ ಲೋಟ ಕೈಲಿ ಹಿಡ್ಕೊಂಡೇ ಕೂತಿರ್ತೀವಿ. ಪೆಟ್ಟಿಗೆ ಬಂದು ಕೂತಿದ್ದು ಗೊತ್ತಾಗೋದೂ ಇಲ್ಲ, ಟೀ ತುಳುಕೋದೂ ಇಲ್ಲ" ಎಂದು ಲಾರಿ ಚಾಲಕರೊಬ್ಬರು ಹೇಳುತ್ತಾರೆ. ಇದನ್ನು ಹೇಗೆ ಮಾಡುತ್ತೀರಿ ಎಂದು ಮೇಲಕ್ಕನನ್ನು ಕೇಳಿ ನೋಡಿ. ಏನಾದರೂ ದೊಡ್ಡ ವಿದ್ಯೆ ಬಿಚ್ಚಿಡುತ್ತಾರೆ ಎಂದುಕೊಂಡರೆ ನಿಮಗೆ ನಿರಾಸೆಯೇ ಗತಿ. "ನಿಲ್ಸಿದ್ರೆ ನಿಂತ್ಕೊಳ್ಳುತ್ತೆ, ಅಷ್ಟೆ" ಎನ್ನುತ್ತಾರೆ.

ಈ "ಅಷ್ಟೆ" ಅನ್ನುವ ಮಾತೇ ಒಂದು ದಿನ ಅವರನ್ನು ಪೇಚಿಗೆ ಸಿಲುಕಿಸಿತು.

ಮೇಲಕ್ಕನ ಎರಡನೆಯ ಕೆಲಸ ನೆಲದ ಮೇಲಿನದು. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಂದರಿನ ಕ್ಯಾಂಟೀನಿನ ಹಿಂದೆ ಖಾಲಿ ಟ್ರೇಗಳನ್ನು ಪೇರಿಸಿಡುವ ಕೋಣೆಯೊಂದಿದೆ. ಅಲ್ಲಿ ಯಾವುದೋ ಆಫೀಸು ಬೇಡವೆಂದು ಬಿಸಾಡಿದ ಹಳೆಯ ಕಂಪ್ಯೂಟರು. ಅದರ ಮುಂದೆ, ಗುಜರಿಗೆ ಹೋದ ಕ್ರೇನಿನಿಂದ ಬಿಚ್ಚಿ ತಂದು ಹಲಗೆಗೆ ತಿರುಪು ಹಾಕಿ ಕೂರಿಸಿದ ಎರಡು ಲಿವರುಗಳು. ಪಾಳಿ ಮುಗಿದ ಮೇಲೆ ಕ್ರೇನ್ ಕಲಿಯುವವರು ಇಲ್ಲಿ ಕೂತು ಆಟ ಆಡುತ್ತಾರೆ. ಆಟವೆಂದರೆ ನಿಜವಾಗಿಯೂ ಕಂಪ್ಯೂಟರ್ ಗೇಮು: ಹಡಗು, ಕ್ರೇನು, ಪೆಟ್ಟಿಗೆ, ಲಾರಿ. ಅದನ್ನು ಮಾಡಿದ್ದು ಮೇಲಕ್ಕ ಮತ್ತು ಅವರ ಅಕ್ಕನ ಮಗಳು. ಇಂಥ ಆಟ ಕಟ್ಟಲು ಪುಕ್ಕಟೆಯಾಗಿ ಸಿಗುವ ಗೇಮ್ ಎಂಜಿನ್ನುಗಳು ಬೇಕಾದಷ್ಟಿವೆ. ಅವುಗಳಲ್ಲಿ ಯಾವುದು ಒಳ್ಳೆಯದು ಎಂದು ಹುಡುಗರು ಊಟ ನಿದ್ದೆ ಬಿಟ್ಟು ವಾದ ಮಾಡುತ್ತಾರೆ. ಅವರಿಗೆ ಅದು ರುಚಿಯ ಪ್ರಶ್ನೆ. ಮೇಲಕ್ಕನಿಗೆ ಮಾತ್ರ ಅದು ಒಡಹುಟ್ಟಿದವನ ಮೊಣಕಾಲಿನ ಪ್ರಶ್ನೆಯಾಯಿತು, ಇನ್ನೊಬ್ಬಳ ಬದುಕಿನ ಪ್ರಶ್ನೆಯೂ ಆಯಿತು.

ಮೇಲಕ್ಕ ಮೊದಲು ಬಂದರಿಗೆ ಬಂದದ್ದು ಲಾರಿ ತೂಗುವ ಕಟ್ಟೆಯ ಕೆಲಸಕ್ಕೆ. ಕಿಟಕಿಯಿಂದ ಕ್ರೇನನ್ನು ನೋಡಿ ನೋಡಿ ಅದರ ಹುಚ್ಚು ಹಿಡಿಯಿತು. ಆಗ ಕ್ರೇನ್ ನಡೆಸುತ್ತಿದ್ದ ಮುದುಕರೊಬ್ಬರ ಬೆನ್ನು ಬಿದ್ದರು. ಆ ಮುದುಕರೋ ಮಾತಿನಲ್ಲಿ ಮಹಾ ಜಿಪುಣ. "ಬಾಯಿ ಬಿಡ್ತಾನೇ ಇರ್ಲಿಲ್ಲ. ಲಿವರ್ ಮೇಲೆ ನನ್ನ ಕೈ, ನನ್ನ ಕೈ ಮೇಲೆ ಅವರ ಕೈ. ಅವರು ಒತ್ತಿದ ಕಡೆ ನಾನು ಒತ್ತೋದು. ಒಂದಿನ ನೋಡ್ತೀನಿ, ಅವರ ಕೈ ನನ್ನ ಕೈ ಮೇಲೆ ಇಲ್ಲ. ಯಾವಾಗ ತೆಗೆದ್ರೋ ಗೊತ್ತೇ ಆಗಿಲ್ಲ" ಎಂದು ಮೇಲಕ್ಕ ನೆನಪಿಸಿಕೊಳ್ಳುತ್ತಾರೆ. ಹೀಗೆ ಕಲಿತ ವಿದ್ಯೆ ಕೈಯಲ್ಲೇ ಉಳಿಯಿತು, ಬಾಯಿಗೆ ಬರಲೇ ಇಲ್ಲ.

ಕೆಲಸ ಸುಖದ್ದೇನಲ್ಲ. ದಿನವಿಡೀ ಬಗ್ಗಿ ಕಾಲಬುಡ ನೋಡಿ ನೋಡಿ ಕುತ್ತಿಗೆ ಮರಗಟ್ಟಿದೆ. ಒಮ್ಮೆ ಹತ್ತಿದರೆ ಊಟದ ಹೊತ್ತಿನವರೆಗೆ ಇಳಿಯುವ ಹಾಗಿಲ್ಲ, ಆದ್ದರಿಂದ ನೀರನ್ನೂ ಗುಟುಕು ಗುಟುಕಾಗಿ ಲೆಕ್ಕ ಹಾಕಿ ಕುಡಿಯಬೇಕು. ಗಾಳಿ ಬೀಸಿದರೆ ಕೋಣೆಯೇ ನರಳುತ್ತದೆ. ಇದನ್ನೆಲ್ಲ ಹೇಳುವಾಗ ಅವರ ದನಿಯಲ್ಲಿ ದೂರೇನೂ ಇಲ್ಲ. ಅವರ ದೂರು ಬೇರೆಯದೇ. ಕ್ರೇನ್ ಒಂದು ಗಳಿಗೆ ನಿಂತರೆ ಹಡಗು ಕಾಯಬೇಕು, ಹಡಗು ಕಾದರೆ ಸಾಹೇಬರು ಕೂಗಾಡುತ್ತಾರೆ. ಹೀಗಾಗಿ ಕಲಿಯುವವರ ಕೈಗೆ ಲಿವರ್ ಕೊಡುವಂತಿಲ್ಲ. ಅವರು ಹಿಂದಿನ ಪುಟ್ಟ ಕುರ್ಚಿಯಲ್ಲಿ ಕೂತು ಮೇಲಕ್ಕನ ಬೆನ್ನು ನೋಡುತ್ತಿರಬೇಕು. "ಬೆನ್ನು ನೋಡಿ ಯಾರಾದ್ರೂ ಏನ್ ಕಲೀತಾರೆ ಹೇಳಿ?" ಎಂದು ಅವರು ಕೇಳುತ್ತಾರೆ.

ಈ ಗೋಳನ್ನು ಹಬೆಯಾಡುವ ಟೀ ಮುಂದಿಟ್ಟುಕೊಂಡು ಕೇಳಿಸಿಕೊಂಡವಳು ಅಕ್ಕನ ಮಗಳು. ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಾಳೆ. "ಒಂದು ಗೇಮ್ ಮಾಡೋಣ ಬಿಡಿ ಚಿಕ್ಕಮ್ಮ, ಕಾಸು ಖರ್ಚಿಲ್ಲ" ಎಂದಳು. ಮೇಲಕ್ಕ ಮೂಗು ಮುರಿದರು. ಅವರ ಪ್ರಕಾರ ಗೇಮ್ ಎಂದರೆ ಢಂ ಢಂ ಎಂದು ಗುಂಡು ಹೊಡೆಯುವುದು. ಆದರೆ ರಜೆ ಮುಗಿಯುವಷ್ಟರಲ್ಲಿ ಹುಡುಗಿ ಪರದೆಯ ಮೇಲೆ ಒಂದು ಬಂದರನ್ನೇ ಎಬ್ಬಿಸಿ ನಿಲ್ಲಿಸಿದಳು. ಸಮುದ್ರ ಹೊಳೆಯುತ್ತದೆ, ಹಡಗಿನ ನೆರಳು ನೀರಿನಲ್ಲಿ ಅಲುಗುತ್ತದೆ, ಬಿಳಿಯ ಹಕ್ಕಿಗಳು ಕ್ರೇನಿನ ನೆತ್ತಿಯ ಮೇಲೆ ಸುತ್ತುತ್ತವೆ. ಮೇಲಕ್ಕ ಲಿವರ್ ಹಿಡಿದು ಒಂದು ಪೆಟ್ಟಿಗೆ ಎತ್ತಿದರು, ಓಡಿಸಿದರು, ನಿಲ್ಲಿಸಿದರು. ಪೆಟ್ಟಿಗೆ ಲಾರಿಯ ಮೇಲೆ ಕಲ್ಲಿನ ಹಾಗೆ ನಿಂತಿತು. "ಅರೆ, ನಮ್ದೇ ಕ್ರೇನು!" ಎಂದು ಬೆರಗಾದರು. ಆಟಕ್ಕೆ ಸರ್ಟಿಫಿಕೇಟು ಸಿಕ್ಕಿದಂತಾಯಿತು.

ಆ ಆಟ ಕಟ್ಟಿದ್ದು ಎಲ್ಲರೂ ಬಳಸುವ, ಹೆಸರಾಂತ ದೊಡ್ಡ ಎಂಜಿನ್ನಿನಲ್ಲಿ. ಗೇಮ್ ಎಂಜಿನ್ ಅಂದರೇನು ಎಂದು ಗೊತ್ತಿಲ್ಲದವರಿಗೆ ಮೇಲಕ್ಕನೇ ಈಗ ಪಾಠ ಹೇಳುತ್ತಾರೆ. ಅದೊಂದು ಕಟ್ಟಿ ಮುಗಿಸಿದ ಮನೆ. ಗೋಡೆ, ದೀಪ, ನಲ್ಲಿ ಎಲ್ಲ ಮೊದಲೇ ಇರುತ್ತವೆ. ಬೆಳಕು ಹೇಗೆ ಬೀಳಬೇಕು, ವಸ್ತು ಹೇಗೆ ಉರುಳಬೇಕು, ಡಿಕ್ಕಿಯಾದರೆ ಹೇಗೆ ಪುಟಿಯಬೇಕು ಎಂಬುದನ್ನೆಲ್ಲ ಬೇರೆ ಯಾರೋ ಬರೆದಿಟ್ಟಿರುತ್ತಾರೆ. ನಾವು ಹೋಗಿ ವಾಸ ಮಾಡಿದರೆ ಸಾಕು. ಅಕ್ಕನ ಮಗಳು ಆರಿಸಿದ್ದಕ್ಕೆ ಅವರು ದೊಡ್ಮನೆ ಎಂದೇ ಹೆಸರಿಟ್ಟಿದ್ದಾರೆ. "ಪುಕ್ಕಟೆ ಇರಬಹುದು, ಆದ್ರೆ ಬೀಗದ ಕೈ ಯಜಮಾನರದ್ದು. ಗೋಡೆ ಒಳಗೆ ಏನಿದೆ ಅಂತ ನಮಗೆ ತೋರಿಸಲ್ಲ" ಎಂದು ಹೇಳುತ್ತಾರೆ.

ದೊಡ್ಮನೆಯ ಆಟದಲ್ಲಿ ಎಲ್ಲರಿಗಿಂತ ಮುಂದೆ ಬಂದವಳು ಕ್ಯಾಂಟೀನಿನಾಕೆ. ಟೀ ಬಾಯ್ಲರಿನ ಎದುರು ನಿಂತು ನಿಂತು ಕಾಲಿನ ನರಗಳು ಉಬ್ಬಿದ ಈಕೆ ಒಬ್ಬಳೇ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಾಳೆ. ಮೇಲಕ್ಕನಿಗೆ ಟೀ ಕೊಡಲು ಫ್ಲಾಸ್ಕು ಹೆಗಲಿಗೇರಿಸಿ ಮೆಟ್ಟಿಲು ಹತ್ತುತ್ತಿದ್ದಳು. ಎತ್ತರದ ಭಯ ಎಳ್ಳಷ್ಟೂ ಇಲ್ಲ. ಕ್ರೇನಿನ ಕೆಲಸ ಸಿಕ್ಕರೆ ಕೂತು ದುಡಿಯಬಹುದು, ಮಕ್ಕಳನ್ನು ಓದಿಸಬಹುದು ಎಂಬುದು ಆಕೆಯ ಆಸೆ. ಮೇಲಕ್ಕ ಅವಳ ಪರವಾಗಿ ಸಾಹೇಬರ ಕಾಲು ಹಿಡಿಯುವುದೊಂದು ಬಾಕಿ ಎಂಬಂತೆ ಬೇಡಿ ಪರೀಕ್ಷೆಗೆ ಅವಕಾಶ ಕೊಡಿಸಿದರು. ಬಂದರಿನ ನಿಯಮ ಕಟ್ಟುನಿಟ್ಟು: ಒಬ್ಬರಿಗೆ ಎರಡೇ ಅವಕಾಶ. ಎರಡನೆಯ ಸಲವೂ ತಪ್ಪಿದರೆ ಮತ್ತೆ ಕ್ರೇನಿನ ಮೆಟ್ಟಿಲು ತುಳಿಯುವಂತಿಲ್ಲ.

ಮೊದಲ ಪರೀಕ್ಷೆಯ ದಿನ ಕೆಳಗೆ ಸಿಗ್ನಲ್ ಕೊಡಲು ನಿಂತಿದ್ದವನು ಮೇಲಕ್ಕನ ಸ್ವಂತ ತಮ್ಮ. ಎತ್ತು, ಇಳಿಸು, ತಡಿ ಎಂದು ಕೈಯಲ್ಲೇ ಮಾತಾಡುವುದು ಅವನ ಕೆಲಸ. ಕ್ಯಾಂಟೀನಿನಾಕೆ ಪೆಟ್ಟಿಗೆಯನ್ನು ಹಡಗಿನಿಂದ ಅಚ್ಚುಕಟ್ಟಾಗಿ ಎತ್ತಿದಳು, ಲಾರಿಯ ನೇರಕ್ಕೆ ತಂದಳು, ಆಟದಲ್ಲಿ ಮಾಡುತ್ತಿದ್ದ ಹಾಗೆ ಲಿವರ್ ಬಿಟ್ಟು, ಪೆಟ್ಟಿಗೆ ಶಾಂತವಾಗಲಿ ಎಂದು ಕಾದಳು. ಅದು ಶಾಂತವಾಗಲಿಲ್ಲ. ಮುಂದಕ್ಕೆ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ ಹೋಯಿತು. ಕೆಳಗಿರುವವರಿಗೆ ತಗುಲದಿರಲಿ ಎಂದು ಗಾಬರಿಯಲ್ಲಿ ಪೆಟ್ಟಿಗೆಯನ್ನು ಮೇಲಕ್ಕೆಳೆದಳು. ತೂಗುವ ಪೆಟ್ಟಿಗೆಯನ್ನು ಮೇಲಕ್ಕೆಳೆದರೆ ತೂಗು ಇನ್ನಷ್ಟು ಜೋರಾಗುತ್ತದೆ. ಲಾರಿಯ ಕನ್ನಡಿ ಪುಡಿಯಾಯಿತು. ತಮ್ಮ ಹಿಂದಕ್ಕೆ ಹಾರಿದ, ಮೊಣಕಾಲು ಕಬ್ಬಿಣಕ್ಕೆ ಬಡಿಯಿತು. ಜೀವ ಉಳಿಯಿತು, ಕಾಲು ಕುಂಟಾಯಿತು.

ಕ್ಯಾಂಟೀನಿನಾಕೆ ಕೆಳಗಿಳಿದು ಬಂದವಳೇ ಮೆಟ್ಟಿಲ ಬುಡದಲ್ಲಿ ಕುಸಿದು ಕೂತಳು. "ಆಟದಲ್ಲಿ ತಾನಾಗೇ ನಿಲ್ತಿತ್ತಲ್ಲ ಅಕ್ಕ" ಎಂದು ಅದೊಂದನ್ನೇ ಹೇಳುತ್ತಿದ್ದಳು. ಮೇಲಕ್ಕನಿಗೆ ತಮ್ಮನ ಕಾಲು ನೋಡಿದ ಸಂಕಟ. ಬಾಯಿಗೆ ಬಂದಂತೆ ಬೈದುಬಿಟ್ಟರು. "ಆಟ ಸರಿಯಾಗೇ ಇದೆ. ದಿನಾ ಆಡಿ ನೋಡ್ತೀನಿ ನಾನು. ನಿನ್ನ ತಲೆ ಎಲ್ಲಿತ್ತು?" ಎಂದರು. ತಮ್ಮನಂತೂ ಆಸ್ಪತ್ರೆಯ ಮಂಚದಿಂದಲೇ, "ಆ ಕಂಪ್ಯೂಟರ್ ಎತ್ತಿ ಸಮುದ್ರಕ್ಕೆ ಬಿಸಾಕು ಅಕ್ಕ" ಎಂದ.

ಬಿಸಾಕುವ ಮೊದಲು ಅಕ್ಕನ ಮಗಳು ಒಮ್ಮೆ ನೋಡುತ್ತೇನೆ ಎಂದು ಬಂದಳು. ಚಿಕ್ಕಮ್ಮನನ್ನು ಕೂರಿಸಿ ಆಡಿಸಿದಳು. ಪೆಟ್ಟಿಗೆ ಎಂದಿನಂತೆ ಕಲ್ಲಿನ ಹಾಗೆ ನಿಂತಿತು. "ನೋಡು, ಏನಾಗಿದೆ ಇದಕ್ಕೆ?" ಎಂದರು ಮೇಲಕ್ಕ. ಹುಡುಗಿ ಪರದೆ ನೋಡುತ್ತಿರಲಿಲ್ಲ. ಚಿಕ್ಕಮ್ಮನ ಕೈ ನೋಡುತ್ತಿದ್ದಳು.

"ಚಿಕ್ಕಮ್ಮ, ನಿಲ್ಸಿದ ಮೇಲೆ ಇನ್ನೊಂದ್ಸಲ ಲಿವರ್ ತಳ್ಳಿದ್ರಿ."

"ಎಲ್ಲಿ ತಳ್ದೆ? ಬಿಟ್ಟೆ."

"ತಳ್ಳಿದ್ರಿ. ಪೆಟ್ಟಿಗೆ ಹೋದ ಕಡೆ ಚೂರು ತಳ್ಳಿ ಆಮೇಲೆ ಬಿಟ್ರಿ."

ಮೇಲಕ್ಕ ನಂಬಲಿಲ್ಲ. ಮತ್ತೆ ಆಡಿದರು. ಈ ಸಲ ಅವರೂ ತಮ್ಮ ಕೈಯನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಪೆಟ್ಟಿಗೆ ಮುಂದಕ್ಕೆ ತೂಗಿದ ಕೂಡಲೇ ಬಲಗೈ ಲಿವರನ್ನು ಒಂದು ಕೂದಲಿನಷ್ಟು ಮುಂದಕ್ಕೆ ಒತ್ತುತ್ತದೆ, ಗಾಜಿನ ಕೋಣೆಯನ್ನೂ ಹಗ್ಗವನ್ನೂ ಹೊತ್ತು ತೋಳಿನುದ್ದಕ್ಕೂ ಓಡಾಡುವ ಕ್ರೇನಿನ ಗಾಡಿ ಸರಿದು ಪೆಟ್ಟಿಗೆಯ ನೆತ್ತಿಯ ಮೇಲೆ ಬಂದು ನಿಲ್ಲುತ್ತದೆ, ತೂಗು ಅಲ್ಲಿಗೇ ಸಾಯುತ್ತದೆ. ಮುದುಕರು ಕೈಯ ಮೇಲೆ ಕೈಯಿಟ್ಟು ಕಲಿಸಿದ್ದು ಇದನ್ನೇ. ಇಷ್ಟು ವರ್ಷ ದಿನಕ್ಕೆ ನೂರಾರು ಸಲ ಮಾಡುತ್ತಿದ್ದರೂ ಅವರಿಗೆ ಗೊತ್ತಿರಲಿಲ್ಲ.

"ಈಗ ಕೈ ತೆಗೆದು ಮಡಿಲಲ್ಲಿ ಇಟ್ಕೊಳ್ಳಿ" ಎಂದಳು ಹುಡುಗಿ. ತಾನೇ ಗಾಡಿ ಓಡಿಸಿ ಥಟ್ಟನೆ ನಿಲ್ಲಿಸಿದಳು. ಪೆಟ್ಟಿಗೆ ಒಮ್ಮೆ ಆಚೆ ಹೋಯಿತು, ಒಮ್ಮೆ ಈಚೆ ಬಂತು, ಆಮೇಲೆ ಜೇನುತುಪ್ಪದಲ್ಲಿ ಮುಳುಗಿಸಿದ ಹಾಗೆ ತಾನಾಗಿಯೇ ನಿಂತುಬಿಟ್ಟಿತು. ಯಾರೂ ಹಿಡಿಯಲಿಲ್ಲ, ಆದರೂ ನಿಂತಿತು. ಮೇಲಕ್ಕನ ಮುಖ ಕಪ್ಪಿಟ್ಟಿತು. ನಿಜವಾದ ಕ್ರೇನಿನಲ್ಲಿ ಯಾವ ಪೆಟ್ಟಿಗೆಯೂ ಹೀಗೆ ನಿಲ್ಲುವುದಿಲ್ಲ. ಅವರು ದಿನವೂ ಪರೀಕ್ಷಿಸುತ್ತಿದ್ದ ಆಟ ಸುಳ್ಳು ಹೇಳುತ್ತಿತ್ತು, ಅವರ ಕೈಯ ಜಾಣತನವೇ ಆ ಸುಳ್ಳನ್ನು ಮುಚ್ಚಿಡುತ್ತಿತ್ತು. ತಾನು ಬೈದವಳು ನಿಜ ಹೇಳಿದ್ದಳು. "ಆವತ್ತು ನಾನು ಊಟ ಮಾಡ್ಲಿಲ್ಲ. ಬೈಸ್ಕೊಂಡವಳ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, ತಪ್ಪು ನಂದು ಕಣೇ ಅಂದೆ. ಅವಳು ಒಳಗೆ ಕರೀಲಿಲ್ಲ. ಹೊರಗೆ ಬಂದು ನನ್ನ ಪಕ್ಕ ಕೂತ್ಲು" ಎಂದು ಹೇಳುವಾಗ ಮೇಲಕ್ಕ ಬೇರೆಡೆ ನೋಡುತ್ತಾರೆ.

ತಪ್ಪು ಹುಡುಗಿಯದೂ ಅಲ್ಲ, ಎಂಜಿನ್ನಿನದೂ ಅಲ್ಲ. "ಆಡೋರಿಗೆ ತೂಗಾಡ್ತಾನೇ ಇರೋ ವಸ್ತು ಇಷ್ಟ ಆಗಲ್ಲ. ಅದಕ್ಕೇ ತೂಗು ತಾನಾಗೇ ಕಮ್ಮಿ ಆಗ್ಲಿ ಅಂತ ಎಂಜಿನ್ ಮಾಡೋರು ಒಂದಿಷ್ಟು ತಡೆ ಮೊದಲೇ ಇಟ್ಟಿರ್ತಾರೆ. ಅದು ಸಾಲ್ದು ಅಂತ ನಾನೂ ಸೇರಿಸ್ದೆ, ಯಾಕಂದ್ರೆ ಅಷ್ಟು ಭಾರದ ಪೆಟ್ಟಿಗೆ ಕಟ್ಟಿದ್ರೆ ಹಗ್ಗ ಗಡಗಡ ನಡುಗ್ತಿತ್ತು" ಎಂದು ಆಕೆ ವಿವರಿಸುತ್ತಾಳೆ. ಆ ತಡೆಯನ್ನು ತೆಗೆದು ನೋಡಿದರು. ಹಗ್ಗಕ್ಕೆ ಚಳಿಜ್ವರ ಬಂದ ಹಾಗೆ ನಡುಕ ಹತ್ತಿತು, ಪೆಟ್ಟಿಗೆ ಹಾರಿ ಸಮುದ್ರಕ್ಕೆ ಬಿತ್ತು. ಬಿಳಿಯ ಹಕ್ಕಿಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಸುತ್ತುತ್ತಿದ್ದವು. ನಿಜ ಬೇಕಾದರೆ ನಡುಕ, ನಡುಕ ಬೇಡವಾದರೆ ಸುಳ್ಳು. ದೊಡ್ಮನೆ ಬಿಟ್ಟು ಹೊರಡುವುದೇ ಸರಿ ಎಂದಾಯಿತು. ಎರಡನೆಯ ಪರೀಕ್ಷೆಗೆ ಮಳೆಗಾಲ ಕಳೆಯುವವರೆಗೆ ಮಾತ್ರ ಸಮಯವಿತ್ತು.

ಈ ಸಲ ಪರೀಕ್ಷಿಸುವ ಕೈ ತನ್ನದಾಗಬಾರದು ಎಂದು ಮೇಲಕ್ಕ ಪಟ್ಟು ಹಿಡಿದರು. ಯಾವ ಎಂಜಿನ್ ಬಂದರೂ ಲಿವರಿನ ಮುಂದೆ ಕೂರುವವಳು ಕ್ಯಾಂಟೀನಿನಾಕೆ. ಅವಳ ಕೈಗೆ ಇನ್ನೂ ಏನೂ ಗೊತ್ತಿಲ್ಲ, ಆದ್ದರಿಂದ ಅದು ಸುಳ್ಳು ಹೇಳುವುದಿಲ್ಲ. ಮೇಲಕ್ಕ ಹಿಂದಿನ ಕುರ್ಚಿಯಲ್ಲಿ ಕೈಕಟ್ಟಿ ಕೂರುತ್ತಾರೆ. ಬೆನ್ನು ನೋಡುವ ಸರದಿ ಈಗ ಅವರದು.

ಎರಡನೆಯದಾಗಿ ಬಂದದ್ದು ನೆರೆಮನೆ. ಇದೂ ಮೇಲಕ್ಕ ಇಟ್ಟ ಹೆಸರೇ. ಹತ್ತಾರು ಊರಿನವರು ಸೇರಿ, ಯಾರ ಹಂಗೂ ಇಲ್ಲದೆ ಕಟ್ಟಿದ ಎಂಜಿನ್ನು. ಬಾಗಿಲು ಸದಾ ತೆರೆದಿರುತ್ತದೆ, ಬೇಕಾದವರು ಅಡಿಪಾಯದವರೆಗೂ ಇಳಿದು ನೋಡಬಹುದು, ಗೋಡೆಯನ್ನೂ ಒಡೆದು ಕಟ್ಟಬಹುದು. ತೂಕವೂ ಕಡಿಮೆ. ದೊಡ್ಮನೆಯನ್ನು ಹೊತ್ತು ಏದುಸಿರು ಬಿಡುತ್ತಿದ್ದ ಹಳೆಯ ಕಂಪ್ಯೂಟರು ಇದನ್ನು ಸಲೀಸಾಗಿ ಓಡಿಸಿತು. ಅಕ್ಕನ ಮಗಳು ಹಗ್ಗದ ಬದಲು ಒಂದು ಗಟ್ಟಿ ಸರಳು ಇಟ್ಟು ನಡುಕ ನಿಲ್ಲಿಸಿದಳು. ತಡೆಯನ್ನು ಪೂರ್ತಿ ತೆಗೆದಳು. ಕ್ಯಾಂಟೀನಿನಾಕೆ ಗಾಡಿ ನಿಲ್ಲಿಸಿದಾಗ ಪೆಟ್ಟಿಗೆ ತೂಗಿತು, ತೂಗುತ್ತಲೇ ಇತ್ತು. ಮೂವರೂ ಚಪ್ಪಾಳೆ ತಟ್ಟಿದರು. ಸಮುದ್ರವನ್ನೂ ಹಕ್ಕಿಗಳನ್ನೂ ಇಲ್ಲಿಗೆ ಸಾಗಿಸಿ ತಂದರಾಯಿತು ಎಂದು ಹುಡುಗಿ ಖುಷಿಪಟ್ಟಳು.

ಆಗ ಬಂದವನು ತಮ್ಮ. ಊರುಗೋಲು ಹಿಡಿದು ಅಕ್ಕನಿಗೆ ಊಟದ ಡಬ್ಬಿ ಕೊಡುವ ನೆಪದಲ್ಲಿ ಬಂದಿದ್ದ. ಗಂಟುಮೋರೆ ಹಾಕಿಕೊಂಡು ಟ್ರೇಗಳ ಪಕ್ಕ ಕೂತು ಪರದೆ ನೋಡಿದ. ಕ್ಯಾಂಟೀನಿನಾಕೆ ಅವನನ್ನು ಕಂಡು ತಡವರಿಸಿದಳು. ಅವತ್ತಿನ ಹಾಗೆಯೇ ಮಾಡಿದಳು: ಓಡಿಸಿದಳು, ನಿಲ್ಲಿಸಿದಳು, ತೂಗಿದಾಗ ಗಾಬರಿಯಾಗಿ ಮೇಲಕ್ಕೆಳೆದಳು. ತಮ್ಮ ತಲೆಯಾಡಿಸಿದ. "ಇದಲ್ಲ. ಎಳೆದಾಗ ಅದು ಇನ್ನೂ ಜೋರಾಗಿ ಬರುತ್ತೆ. ಇದು ಮೊದಲಿದ್ದಷ್ಟೇ ತೂಗ್ತಿದೆ. ಕೆಳಗೆ ನಿಂತವನು ನಾನು, ನನಗೆ ಗೊತ್ತಿಲ್ವಾ?" ಎಂದು ಎದ್ದು ಹೋದ. ಹೊರಗೆ ಮಳೆ ಸುರಿಯುತ್ತಿತ್ತು.

ಅವನ ಮಾತು ಸರಿಯೇ ಇತ್ತು. ಪೆಟ್ಟಿಗೆಯನ್ನು ಮೇಲಕ್ಕೆಳೆದು ಸರಳು ಗಿಡ್ಡವಾದಾಗ ತೂಗು ಹೆಚ್ಚಾಗಬೇಕು ಎಂಬುದು ಆ ಸರಳಿಗೆ ಗೊತ್ತಿರಲಿಲ್ಲ. ಅದನ್ನು ಸರಿಪಡಿಸಲು ಹುಡುಗಿ ನೆರೆಮನೆಯ ಅಡಿಪಾಯಕ್ಕೇ ಇಳಿದಳು. ಅಲ್ಲಿ ಸಾವಿರಾರು ಜನ ಬರೆದ ಸಾವಿರಾರು ಪುಟಗಳ ಕೋಡು. "ಓದೋಕೆ ಬಿಟ್ಟಿದ್ದಾರೆ, ನಿಜ. ಆದ್ರೆ ಓದಿ ಮುಗಿಸೋದ್ರೊಳಗೆ ಪರೀಕ್ಷೆ ಮುಗಿದಿರುತ್ತೆ" ಎಂದು ವಾಪಸು ಬಂದಳು.

ಉಳಿದದ್ದು ಖಾಲಿ ಸೈಟು. ಇದು ಎಂಜಿನ್ನಲ್ಲ, ಫ್ರೇಮ್‌ವರ್ಕು. ಮನೆ ಇಲ್ಲ, ಇಟ್ಟಿಗೆ ಇದೆ, ಕರಣೆ ಇದೆ, ಜಾಗ ಇದೆ. ಗೆರೆ ಎಳೆ ಎಂದರೆ ಎಳೆಯುತ್ತದೆ, ಚೌಕ ಬರೆ ಎಂದರೆ ಬರೆಯುತ್ತದೆ, ಲಿವರ್ ಎಷ್ಟು ಒತ್ತಿದೆ ಎಂದು ಕೇಳಿದರೆ ಹೇಳುತ್ತದೆ. ಅದರಾಚೆಗೆ ಜಪ್ಪಯ್ಯ ಅಂದರೂ ತಾನಾಗಿ ಏನೂ ಮಾಡುವುದಿಲ್ಲ. ಭೂಮಿಯ ಸೆಳೆತ ಕೂಡ ನಾವು ಬರೆದರೆ ಉಂಟು, ಬರೆಯದಿದ್ದರೆ ಇಲ್ಲ. ಅದೇ ಅದರ ಒಳ್ಳೆಯ ಗುಣ ಎಂದು ಮೇಲಕ್ಕನಿಗೆ ಅನಿಸಿತು. ಬೇರೆಯವರು ಇಟ್ಟ ತಡೆ ಇಲ್ಲಿ ಅಡಗಿ ಕೂತಿರಲಾರದು. ಹುಡುಗಿ ತನ್ನ ಕಾಲೇಜಿನ ಭೌತಶಾಸ್ತ್ರದ ಪುಸ್ತಕದಿಂದ ಲೋಲಕದ ಸೂತ್ರ ಹುಡುಕಿ ತೆಗೆದಳು. ಗಾಡಿ ನಿಂತರೆ ಪೆಟ್ಟಿಗೆ ಹೇಗೆ ಮುನ್ನುಗ್ಗಬೇಕು, ಹಗ್ಗ ಗಿಡ್ಡವಾದರೆ ತೂಗು ಹೇಗೆ ಏರಬೇಕು ಎಂಬುದೆಲ್ಲ ಸೇರಿ ಒಂದು ಪುಟವೂ ಆಗಲಿಲ್ಲ. ಪರದೆಯ ಮೇಲೆ ಬೂದು ಬಣ್ಣದ ಒಂದು ಗೆರೆ, ಅದರ ತುದಿಗೆ ಒಂದು ಚೌಕ. ಸಮುದ್ರವಿಲ್ಲ, ಹಡಗಿನ ಜಾಗದಲ್ಲೊಂದು ಚೌಕ, ಲಾರಿಯ ಜಾಗದಲ್ಲೊಂದು ಚೌಕ.

ತಮ್ಮನನ್ನು ಈ ಸಲ ಕರೆದೇ ತಂದರು. "ಇದೇನು, ಮಗು ಸ್ಲೇಟಲ್ಲಿ ಗೀಚಿದ ಹಾಗಿದೆ" ಎಂದು ಗೊಣಗುತ್ತ ಮೇಜಿನ ಕೆಳಗೆ ಕಾಲು ಚಾಚಿ ಕೂತ. ಕ್ಯಾಂಟೀನಿನಾಕೆ ಓಡಿಸಿದಳು, ನಿಲ್ಲಿಸಿದಳು, ಎಳೆದಳು. ಬೂದು ಚೌಕ ರಭಸವಾಗಿ ಪರದೆಯ ಅಂಚಿನ ಕಡೆಗೆ ಬಂತು. ತಮ್ಮನ ನೋಯುವ ಕಾಲು ಮೇಜಿನ ಕೆಳಗೆ ಸರಕ್ಕನೆ ಹಿಂದಕ್ಕೆ ಸರಿಯಿತು. ಅವನು ಸರಿಸಿದ್ದಲ್ಲ, ಅದೇ ಸರಿಯಿತು. ಅವನ ಹಣೆಯಲ್ಲಿ ಬೆವರಿತ್ತು. "ಇದೇ" ಎಂದ. ಮೊಣಕಾಲು ನೀವಿಕೊಳ್ಳುತ್ತ, "ಇದೇ ಇರ್ಲಿ ಅಕ್ಕ" ಎಂದ.

ಹೀಗೆ ಆಯ್ಕೆ ಮುಗಿಯಿತು. ನಷ್ಟವಾಗಲಿಲ್ಲ ಎಂದಲ್ಲ. ಅಕ್ಕನ ಮಗಳು ರಜೆಯಿಡೀ ಕೂತು ಬಿಡಿಸಿದ ಬಂದರು, ಅಲೆ, ಹಡಗಿನ ಮೇಲಿನ ಸಂಜೆಬಿಸಿಲು ಎಲ್ಲವೂ ದೊಡ್ಮನೆಯಲ್ಲೇ ಉಳಿದವು. ಖಾಲಿ ಸೈಟಿಗೆ ಅವುಗಳನ್ನು ತರಬೇಕಾದರೆ ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ಅಷ್ಟು ಸಮಯ ಯಾರ ಹತ್ತಿರವೂ ಇರಲಿಲ್ಲ. ಹುಡುಗಿ ಎರಡು ದಿನ ಮುಖ ಊದಿಸಿಕೊಂಡಿದ್ದಳು. "ನನ್ನ ಶಾಲೆ ಮಕ್ಕಳಿಗೆ ನಾನು ದೊಡ್ಮನೇನೇ ಹೇಳ್ಕೊಡೋದು, ನೆರೆಮನೇನೂ ಹೇಳ್ಕೊಡ್ತೀನಿ. ಅವರಿಗೆ ಅದೇ ಸರಿ. ಚಂದದ ಕಥೆ ಹೇಳೋ ಆಟಕ್ಕೆ ಚಂದದ ಮನೆ ಬೇಕು. ಚಿಕ್ಕಮ್ಮನಿಗೆ ಬೇಕಾಗಿದ್ದು ಒಂದೇ ಒಂದು ಪೆಟ್ಟಿಗೆ" ಎಂದು ಅವಳು ಈಗ ಹೇಳುತ್ತಾಳೆ. ಅವಳ ದನಿಯಲ್ಲಿ ಇನ್ನೂ ಸ್ವಲ್ಪ ಬೇಸರ ಉಳಿದಿದೆ. ಅದು ನ್ಯಾಯವೇ.

ಹೊಸ ಆಟ ಯಾರಿಗೂ ಹಿಡಿಸಲಿಲ್ಲ. ಹಿಂದೆ ಸಂಜೆಯಾದರೆ ಮುಗಿಬೀಳುತ್ತಿದ್ದ ಕಲಿಯುವವರು ಒಬ್ಬೊಬ್ಬರಾಗಿ ಜಾರಿಕೊಂಡರು. ಕ್ಯಾಂಟೀನಿನಾಕೆ ಮಾತ್ರ ಬಾಯ್ಲರ್ ಆರಿಸಿ, ಲೋಟ ತೊಳೆದಿಟ್ಟು, ಒದ್ದೆ ಕೈ ಒರೆಸಿಕೊಂಡು ಬಂದು ಕೂರುತ್ತಿದ್ದಳು. ಚೌಕ ಅವಳ ಮಾತು ಕೇಳುತ್ತಿರಲಿಲ್ಲ. ಹಲ್ಲು ಕಚ್ಚಿ ಕೂತು, ಬೈದು, ಒಮ್ಮೆ ಅತ್ತು, ಮತ್ತೆ ಕೂತಳು. ಮೇಲಕ್ಕನಿಗೆ ಅವಳ ಕೈಯ ಮೇಲೆ ಕೈಯಿಡುವ ಆಸೆ ಎಷ್ಟೋ ಸಲ ಬಂತು. ಇಡಲಿಲ್ಲ. ತನ್ನ ಕೈ ಮಾಡುವುದನ್ನು ಜೀವನದಲ್ಲಿ ಮೊದಲ ಸಲ ಬಾಯಲ್ಲಿ ಹೇಳಲು ಕಲಿತರು. "ಅದು ಹೋಗ್ಲಿ ಬಿಡು, ಹೆದರ್ಬೇಡ. ಹೋದ ಕಡೆ ನೀನೂ ಹೋಗು. ಮೇಲಕ್ಕೆ ಮಾತ್ರ ಎಳೀಬೇಡ" ಎಂಬ ಇಷ್ಟು ಮಾತು ಹುಡುಕಿಕೊಳ್ಳಲು ಅವರಿಗೆ ವಾರಗಳೇ ಹಿಡಿದವು.

ಎರಡನೆಯ ಪರೀಕ್ಷೆಯ ಬೆಳಿಗ್ಗೆ ಮಳೆ ಬಿಟ್ಟಿದೆ, ಸಣ್ಣಗೆ ಗಾಳಿಯಿದೆ. ಪರೀಕ್ಷೆಗೆ ಬಂದ ಸಾಹೇಬರು ಛತ್ರಿ ಮಡಚಿ ನಿಂತಿದ್ದಾರೆ. ಕ್ಯಾಂಟೀನಿನಾಕೆ ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿ ಹೋಗುತ್ತಾಳೆ. ಮೇಲಕ್ಕ ಕೆಳಗಿದ್ದಾರೆ. ಕೆಲಸದ ಹೊತ್ತಿನಲ್ಲಿ ಕ್ರೇನನ್ನು ನೆಲದಿಂದ ನೋಡಿ ಅವರಿಗೆ ಅಭ್ಯಾಸವೇ ಇಲ್ಲ, ಅದು ಇಷ್ಟು ದೊಡ್ಡದೇ ಎಂದು ಹೆದರಿಕೆಯಾಗುತ್ತದೆ. ಸಿಗ್ನಲ್ ಕೊಡಲು ಬೇರೊಬ್ಬನನ್ನು ಗೊತ್ತು ಮಾಡಿದ್ದರು. ಆದರೆ ತಮ್ಮ ಕುಂಟುತ್ತ ಬಂದು, "ನೀನು ಹೋಗು ಮಾರಾಯ, ಇದು ನನ್ನ ಜಾಗ" ಎಂದು ಅವನನ್ನು ಕಳಿಸಿಬಿಟ್ಟಿದ್ದಾನೆ. ಸ್ವಲ್ಪ ದೂರ ನಿಲ್ಲಿ ಎಂದು ಸಾಹೇಬರು ಹೇಳುತ್ತಾರೆ. ಅವನು ಲಾರಿಯ ಪಕ್ಕವೇ ನಿಲ್ಲುತ್ತಾನೆ.

ಪೆಟ್ಟಿಗೆ ಹಡಗಿನಿಂದ ಏಳುತ್ತದೆ, ತೋಳಿನುದ್ದಕ್ಕೂ ಸಾಗಿ ಬರುತ್ತದೆ, ಲಾರಿಯ ಮೇಲೆ ಗಾಜಿನ ಕೋಣೆ ನಿಲ್ಲುತ್ತದೆ. ಪೆಟ್ಟಿಗೆ ನಿಲ್ಲುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಕೆಳಗೆ ಮೇಲಕ್ಕನ ಬಲಗೈ ಗಾಳಿಯಲ್ಲೇ ಮುಂದಕ್ಕೆ ಒತ್ತುತ್ತದೆ. ಈಗ, ಈಗ ಹಿಡಿಯಬೇಕು. ಕೋಣೆ ಅಲುಗುವುದಿಲ್ಲ. ಇವರ ಲೆಕ್ಕದಲ್ಲಿ ಹೊತ್ತು ಮೀರಿಯೇ ಹೋಯಿತು. ಅಷ್ಟರಲ್ಲಿ ಕೋಣೆ ಚೂರು ಸರಿಯುತ್ತದೆ. ಪೆಟ್ಟಿಗೆಯ ತೂಗು ಅರ್ಧ ಇಳಿಯುತ್ತದೆ, ಹಿಂದಕ್ಕೆ ಬರುತ್ತದೆ. ಕೋಣೆ ಮತ್ತೆ ಚೂರು ಹಿಂದಕ್ಕೆ ಸರಿಯುತ್ತದೆ. ಮೇಲಕ್ಕ ಒಂದೇ ಸಲಕ್ಕೆ ಮಾಡುವುದನ್ನು ಆಕೆ ಎರಡು ಸಲಕ್ಕೆ ಮಾಡುತ್ತಾಳೆ. ಪೆಟ್ಟಿಗೆ ನಿಂತಿದೆ. ತಮ್ಮ ಅಂಗೈ ಕೆಳಮುಖ ಮಾಡಿ ಇಳಿಸು ಎಂದು ಸನ್ನೆ ಮಾಡುತ್ತಾನೆ. ಪೆಟ್ಟಿಗೆ ದಡ್ ಎಂದು ಸ್ವಲ್ಪ ಒರಟಾಗಿಯೇ ಲಾರಿಯ ಬೆನ್ನಿಗೆ ಕೂರುತ್ತದೆ. ಮೇಲಕ್ಕನ ಕಣ್ಣು ತುಂಬಿ ಬರುತ್ತದೆ, ಮರೆಮಾಚುವ ಗೋಜಿಗೆ ಅವರು ಹೋಗುವುದಿಲ್ಲ.

"ಆಯ್ತು, ಪಾಸು. ಇಳಿದು ಬರೋಕೆ ಹೇಳಿ" ಎನ್ನುತ್ತಾರೆ ಸಾಹೇಬರು. ತಮ್ಮನಿಗೆ ಕೇಳಿಸಿತೋ ಇಲ್ಲವೋ. ತುಂಬಿದ ಲಾರಿಯನ್ನು ತಟ್ಟಿ ಮುಂದೆ ಕಳಿಸುತ್ತಾನೆ, ಹಿಂದಿನ ಲಾರಿಯನ್ನು ಅದೇ ಜಾಗಕ್ಕೆ ಕರೆಯುತ್ತಾನೆ. ಆಮೇಲೆ ಗಾಜಿನ ಕೋಣೆಯ ಕಡೆ ಮುಖವೆತ್ತಿ, ತೋಳನ್ನು ಪೂರ್ತಿ ಮೇಲೆತ್ತಿ, ಇನ್ನೊಂದು ಕಳಿಸು ಎಂದು ಬೀಸುತ್ತಾನೆ. ಕೋಣೆ ಆಗಲೇ ಹಡಗಿನ ಕಡೆ ಹೊರಟಿದೆ. ಸಾಹೇಬರು ಅವನನ್ನು ತಡೆಯಲು ಕೈಯೆತ್ತುತ್ತಾರೆ.

ಮೇಲಕ್ಕ ಮೆಲ್ಲಗೆ ಅವರ ಮುಂದೆ ಬಂದು ನಿಲ್ಲುತ್ತಾರೆ. "ಮುಗೀತು ಅಂತ ಅವರಿಗೆ ಹೇಳ್ಬೇಡಿ ಸಾರ್" ಎನ್ನುತ್ತಾರೆ. "ಅವರಿಬ್ಬರೂ ಈಗ ಪರೀಕ್ಷೇಲಿ ಇಲ್ಲ. ಕೆಲಸದಲ್ಲಿದ್ದಾರೆ."